ಆ ಮೂರು ನಾಲ್ಕನ್ನು ತೂಗಿದವರಾರು

ಕಬ್ಬು ಅರೆಯುವ ಹಂಗಾಮು. ರಾತ್ರಿ ಪಾಳಿ.
ಲ್ಯಾಬಿನ ಕಿಟಕಿಗೆ ಸಿಪ್ಪೆಯ ಧೂಳು.
ಹೊರಗೆ ಮಂಡ್ಯದ ಅರ್ಧ ರಸ್ತೆಯುದ್ದ
ಲಾರಿ, ಟ್ರ್ಯಾಕ್ಟರು, ನಿದ್ದೆಗಣ್ಣಿನ ಎತ್ತು.

ಗುತ್ತಲಿನ ರುಕ್ಸಾರ್ ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಬರಹ ಮುದ್ದು. ಕ್ಯಾಲ್ಕುಲೇಟರು ಅವಳಣ್ಣನದು,
ಗುಜರಿ ಅಂಗಡಿಯಲ್ಲಿ ಸವೆದದ್ದು,
ಗುಂಡಿ ಒತ್ತಿದರೆ ಸಾಲಾಗಿ ಎಂಟು ಅಂಕಿ.

ತುಂಬಿದ ಲಾರಿ ೧೬.೨೪ ಟನ್ನು.
ಖಾಲಿ ಲಾರಿ ೫.೯೮.
ಇಳುವರಿ ನೂರಕ್ಕೆ ೯.೪.
ಬರುವ ಸಕ್ಕರೆ ಎಷ್ಟು?

ಅವಳು ಬರೆದಳು: ೦.೯೬೪೪೪.

"ಈ ಕೊನೇ ಮೂರು ನಾಲ್ಕನ್ನ ತೂಗ್ದೋರ್ಯಾರವ್ವ?"
ಕ್ಯಾಲ್ಕುಲೇಟರು ಎತ್ತಿ ತೋರಿಸಿದಳು,
ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆದ ಹಾಗೆ.

ಅದು ತೂಗಿಲ್ಲ ಕಣೆ, ಬರೀ ಗುಣಿಸಿದೆ.
ತೂಗಿದ್ದು ಗೇಟಿನ ವೇಬ್ರಿಡ್ಜು.
ಹತ್ತು ಕೇಜಿಗಿಂತ ಸಣ್ಣದು ಅದರ ಕಣ್ಣಿಗೆ ಬೀಳದು,
ಡ್ರೈವರು ಊಟದ ಡಬ್ಬಿ ಇಳಿಸಿಕೊಂಡರೂ ಅಂಕಿ ಮಿಸುಕದು.
ಇಳುವರಿ ಲೆಕ್ಕ ಹಾಕಿದ್ದು ನಾನು,
ಈ ಕೊಳವೆಯ ಮುಂದೆ ಒಂದು ಕಣ್ಣು ಮುಚ್ಚಿ.
ಆ ನಾಲ್ಕು ಮೂರಿರಬಹುದು, ಐದಿರಬಹುದು,
ನಾಲ್ಕೆಂದು ನಂಬಿ ರುಜು ಹಾಕಿದ್ದೇನೆ.

ಕಳೆಯುವಾಗ ಚುಕ್ಕಿಯ ಆಚೆ ನೋಡು.
ಯಾರಿಗೆ ಮೊದಲು ಕಣ್ಣು ಮಂಜಾಗುತ್ತದೋ
ಅವರು ನಿಂತಲ್ಲೇ ಎಲ್ಲರೂ ನಿಲ್ಲಬೇಕು.
ಗುಣಿಸುವಾಗ ಚುಕ್ಕಿಯನ್ನು ಮರೆತುಬಿಡು, ತಲೆ ಎಣಿಸು.
ಆ ಕಡೆ ನಾಲ್ಕು ಜನ, ಈ ಕಡೆ ಇಬ್ಬರು,
ಹೊರೆ ಇಬ್ಬರಿಗೆ ಆಗುವಷ್ಟೇ.
ನೂರಕ್ಕೆ ಅಂತೀವಲ್ಲ, ಆ ನೂರನ್ನು ಯಾರೂ ಅಳೆದಿಲ್ಲ.
ಅದು ಮಾತುಕತೆ. ಅದು ಯಾರ ದಾರಿಗೂ ಅಡ್ಡ ಬರುವುದಿಲ್ಲ.

ತಲೆಯಾಡಿಸಿದಳು. ರಬ್ಬರಿನಿಂದ ಉಜ್ಜಿದಳು.
ಎರಡೇ ಅಂಕಿ ತಾನೇ ಎಂದು
೧೦.೨೬ನ್ನು ಅಲ್ಲೇ ಹತ್ತು ಮಾಡಿ ಗುಣಿಸಿದಳು:
೦.೯೪.

ಇಪ್ಪತ್ತು ಕೇಜಿ ಸಕ್ಕರೆ
ರಬ್ಬರಿನ ಪುಡಿಯ ಜೊತೆ ಮೇಜಿನಿಂದ ಉದುರಿಹೋಯಿತು.

"ನಿಮ್ಮಕ್ಕನ ಮದುವೆಗೆ ಎಷ್ಟು ಸಕ್ಕರೆ ತಂದ್ರಿ?"
"ಹದಿನೆಂಟು ಕೇಜಿ," ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಅರ್ಧ ದಾರಿಯಲ್ಲಿ ಯಾರನ್ನೂ ಇಳಿಸಬೇಡ, ರುಕ್ಸಾರ್.
ಅನುಮಾನದ ಅಂಕಿಗಳ ಅಡಿಗೆ ಪೆನ್ಸಿಲಿನ ಗೆರೆ ಎಳೆದು
ಜೊತೆಗೇ ಕರಕೊಂಡು ಹೋಗು.
ಕೊನೆಯ ಸ್ಟಾಪಿನಲ್ಲಿ, ಒಂದೇ ಸಲ, ಟಿಕೆಟ್ ಕೇಳು.

೧೦.೨೬, ಇರಲಿ. ೦.೯೬೪೪೪, ಅದೂ ಇರಲಿ.
ಈಗ ಇಳಿಸು.
೦.೯೬.

"ಎಷ್ಟು ಕಮ್ಮಿ ಕಾಣ್ಸುತ್ತೆ ಮೇಡಂ."
ಹೂಂ. ನಮಗೆ ಗೊತ್ತಿರುವುದು ಅಷ್ಟೇ.

ಮೂರು ಗಂಟೆಯ ಟೀ ಬಂತು, ಸಕ್ಕರೆ ಹೆಚ್ಚು.
ಅವಳಿಗೆ ಹೇಳದೆ ಉಳಿದದ್ದು ಇದು:

ಹೋದ ಕಾರ್ತಿಕದಲ್ಲಿ ನನ್ನವ್ವ ತೀರಿಕೊಂಡಳು.
ಬೆಳಗಿನ ಜಾವ ೪.೧೭, ನರ್ಸು ಗೋಡೆ ಗಡಿಯಾರ ನೋಡಿ ಬರೆದಳು.
ಹುಟ್ಟಿದ್ದು?
ಹಂಡ ಎಮ್ಮೆ ಅವಳಿ ಈದ ವರ್ಷ, ಶನಿವಾರ.
ವಾರ ಪಕ್ಕಾ. ವರ್ಷ ಯಾರಿಗೂ ಗೊತ್ತಿಲ್ಲ.
ಆಧಾರ್ ಮಾಡಿಸುವಾಗ ಹುಡುಗನೊಬ್ಬ
ಜನವರಿ ಒಂದು ಎಂದು ಹಾಕಿಕೊಂಡಿದ್ದ.
ಕೌಂಟರಿನ ಕಂಪ್ಯೂಟರು ಅದನ್ನೇ ಕಳೆದು
ಕಾಗದ ಕೊಟ್ಟಿತು:
೭೧ ವರ್ಷ ೧೦ ತಿಂಗಳು ೧೪ ದಿನ.

ಆ ಹದಿನಾಲ್ಕು ದಿನವನ್ನು ನೋಡುತ್ತಾ ನಿಂತಿದ್ದೆ.
ತೂಗ್ದೋರ್ಯಾರು ಅಂತ ಕೇಳಲಿಲ್ಲ.
ನನ್ನ ಹಿಂದೆ ಸಾಲಿತ್ತು.

ತಿಥಿ ಕಾರ್ಡಿನ ಪ್ರೆಸ್ಸಿನವನು ವಯಸ್ಸು ಕೇಳಿದ.
ಸುಮಾರು ಎಪ್ಪತ್ತು, ಅಂದೆ.
"ಸುಮಾರು ಅಂತ ಕಾರ್ಡಲ್ಲಿ ಹಾಕಲ್ಲ ಮೇಡಂ."
ಹಾಕಪ್ಪ, ಅಂದೆ.
ಹಾಕಿದ, ಸ್ವಲ್ಪ ಸಣ್ಣ ಅಕ್ಷರದಲ್ಲಿ.

ಗೇಟಿನಿಂದ ಇನ್ನೊಂದು ಚೀಟಿ ಬಂತು,
ಎಣ್ಣೆಯ ಬೆರಳಿನ ಗುರುತು, ೧೪.೭೨.
ರುಕ್ಸಾರ್ ಕ್ಯಾಲ್ಕುಲೇಟರನ್ನು ಮುಟ್ಟುವ ಮೊದಲು
ಆ ಎರಡನ್ನು ಒಂದು ಗಳಿಗೆ ನೋಡಿದಳು,
ಹೊಸಬರ ಮುಖ ನೋಡುವಂತೆ.